ಉಳಿದುಕೊಳ್ಳಲು ಒಪ್ಪಿದ ಆರ್ಲಿಸ್

ನಮ್ಮ ಡ್ರೈ ಫೋರ್ಕ್ ಊರಿನಲ್ಲಿ ಲೋಕ ಮುಗಿಯುವುದು ಅಂಥ ಅಪರೂಪದ ಸಂಗತಿಯೇನಲ್ಲ. ನಾನು ಚಿಕ್ಕವನಿದ್ದಾಗ ಒಂದು ಸಲ ಮುಗಿದಿತ್ತು, ಅವತ್ತು ಶಾಲೆಗೆ ರಜೆ ಕೊಟ್ಟಿದ್ದರು. ನನ್ನ ಮದುವೆಯ ವರ್ಷ ಇನ್ನೊಮ್ಮೆ ಮುಗಿಯಿತು, ಅದೇ ನೆಪ ಹೇಳಿ ನಮ್ಮ ಮಾವ ಊಟದ ಖರ್ಚು ಉಳಿಸಿಕೊಂಡರು. ಆಮೇಲೆ ನಾನು ಎಣಿಸುವುದನ್ನೇ ಬಿಟ್ಟೆ. ಅಮೆರಿಕದ ಅರ್ಕನ್ಸಾ ಗುಡ್ಡಗಳ ಸಂದಿಯಲ್ಲಿರುವ ಈ ಊರಿನ ಜನ ಈಗ ಲೋಕ ಮುಗಿಯುತ್ತದೆ ಅಂದರೆ ಗಾಬರಿ ಬೀಳುವುದಿಲ್ಲ. ಮಡಚುವ ಕುರ್ಚಿ ಹೊರಗೆ ಹಾಕಿಕೊಂಡು ಕೂರುತ್ತಾರೆ.

ಕರ್ತನು ಬರುತ್ತಾನೆ, ನಂಬಿದವರನ್ನು ಇದ್ದಕ್ಕಿದ್ದಂತೆ ಮೋಡಕ್ಕೆ ಎತ್ತಿಕೊಳ್ಳುತ್ತಾನೆ ಎಂಬುದರಲ್ಲಿ ಇಲ್ಲಿ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಯಾವಾಗ ಎಂಬುದರಲ್ಲಿ. ಭೂಮಿಯ ಮೇಲೆ ಏಳು ವರ್ಷದ ಮಹಾಸಂಕಟ ಬರುತ್ತದಲ್ಲ, ಅದಕ್ಕೆ ಮುಂಚೆಯೇ ಎತ್ತಿಕೊಳ್ಳುತ್ತಾನೆ ಅನ್ನುವುದು ರಸ್ತೆಯ ಈಚೆಯ ಚರ್ಚು. ಇಲ್ಲ, ಏಳು ವರ್ಷ ಪೂರ್ತಿ ಅನುಭವಿಸಿದ ಮೇಲೆಯೇ ಅನ್ನುವುದು ಆಚೆಯ ಚರ್ಚು. ಮುಂಚಿನವರು, ಆಮೇಲಿನವರು ಎಂದೇ ನಾವು ಕರೆಯುವುದು. ಹಿಂದೆ ಎರಡೂ ಒಂದೇ ಚರ್ಚಾಗಿತ್ತು. ಪಾಲಾದಾಗ ಪಿಯಾನೋ ಈಚೆಯವರಿಗೆ ಬಂತು, ಅದರ ಮುಂದಿನ ಸ್ಟೂಲು ಆಚೆಯವರಿಗೆ ಹೋಯಿತು. ಅವತ್ತಿನಿಂದ ಈಚೆ ನಿಂತುಕೊಂಡು ನುಡಿಸುತ್ತಾರೆ, ಆಚೆ ಸುಮ್ಮನೆ ಕೂತುಕೊಳ್ಳುತ್ತಾರೆ.

ನಾನು, ಹೋಬರ್ಟ್, ಯಾವ ಚರ್ಚಿಗೂ ಹೋಗುವವನಲ್ಲ. ಹಾಗಾಗಿಯೇ ಊರಿನಲ್ಲಿ ನನಗೊಂದು ಸ್ಥಾನವಿತ್ತು. ಮುಂಚಿನವರೆಲ್ಲ ಎದ್ದು ಹೋದ ಮೇಲೆ ಅವರ ನಾಯಿ ಬೆಕ್ಕುಗಳಿಗೆ ಅನ್ನ ಹಾಕುವವರು ಬೇಕಲ್ಲ? ಖಂಡಿತವಾಗಿ ಹೋಗಲಾರದವನು ಯಾರು ಎಂದು ವಿಚಾರ ಮಾಡಿದರೆ ಎಲ್ಲರ ಬಾಯಲ್ಲೂ ಬರುತ್ತಿದ್ದುದು ನನ್ನ ಹೆಸರು. ಅರ್ಧ ಬೀದಿಯ ಮನೆಗಳ ಬೀಗದ ಕೈ ನನ್ನ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದ್ದವು. ‘ಹೋಬರ್ಟ್ ಒಳ್ಳೆಯ ಮನುಷ್ಯ, ಹೇಗೂ ನರಕಕ್ಕೇ ಹೋಗೋನು’ ಎಂದು ಹೆಂಗಸರು ನನ್ನೆದುರಿಗೇ ಅಕ್ಕರೆಯಿಂದ ಹೇಳುತ್ತಿದ್ದರು. ಮನುಷ್ಯನಿಗೆ ಯಾವುದಾದರೊಂದು ಕಾರಣಕ್ಕೆ ನಾಲ್ಕು ಜನರ ನಂಬಿಕೆ ಸಿಕ್ಕರೆ ಸಾಕು, ಕಾರಣ ಕೆದಕಬಾರದು.

ಈ ನನ್ನ ಸ್ಥಾನವನ್ನು ಕಿತ್ತುಕೊಂಡವನು ಪಕ್ಕದ ಮನೆಯ ಆರ್ಲಿಸ್ ಪೆಟಿಗ್ರೂ. ಅದೂ ತನಗೇ ಗೊತ್ತಿಲ್ಲದ ಹಾಗೆ.

ಆರ್ಲಿಸ್ ಶಾಲೆಯ ಹಳದಿ ಬಸ್ಸು ಓಡಿಸಿ ಓಡಿಸಿ ನಿವೃತ್ತನಾದವನು. ಅಷ್ಟು ವರ್ಷ ಬೆನ್ನ ಹಿಂದೆ ಮಕ್ಕಳು ಕಿರುಚಿದ್ದು ಕೇಳಿ ಅವನಿಗೆ ಮಾತು ಎಂಬುದರ ಮೇಲೇ ಬೇಸರ ಹುಟ್ಟಿತ್ತು. ಜಗುಲಿಯ ತೂಗುಕುರ್ಚಿ, ಐಸು ಹಾಕಿದ ಚಹಾ, ಯಾರೂ ಏನೂ ಕೇಳದ ಮಧ್ಯಾಹ್ನ, ಇಷ್ಟು ಸಿಕ್ಕರೆ ಅವನು ಸ್ವರ್ಗವನ್ನು ಇನ್ನೂ ನಾಲ್ಕು ದಿನ ತಡೆದುಕೊಳ್ಳಬಲ್ಲ. ಹೆಂಡತಿ ವರ್ನೀಸ್ ಅವನಿಗೆ ತದ್ವಿರುದ್ಧ. ಮುಂಚಿನವರ ಚರ್ಚಿನ ಮುಂದಿನ ಸಾಲು ಅವಳದು. ಬೆಳಿಗ್ಗೆ ಎದ್ದೊಡನೆ ಆಕಾಶ ನೋಡುವುದು, ಆಮೇಲೆ ಗಂಡನನ್ನು ಬೈಯುವುದು, ಆಮೇಲೆ ಕಾಫಿ.

ಅನಾಹುತ ಆದದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಗಂಡಸರ ಶನಿವಾರದ ತಿಂಡಿಯಲ್ಲಿ. ಮಾತು ಎಂದಿನಂತೆ ಎತ್ತಿಕೊಳ್ಳುವ ವಿಷಯಕ್ಕೆ ಬಂತು. ವಿಮೆ ಮಾರುವವನು ಮಾತಾಡಿದ, ಟ್ರ್ಯಾಕ್ಟರ್ ರಿಪೇರಿಯವನು ಮಾತಾಡಿದ, ಕೊನೆಗೆ ಹಲ್ಲಿಲ್ಲದ ಮುದುಕನೊಬ್ಬ ಕೂಡ ಬೈಬಲಿನ ದಾನಿಯೇಲನ ಪುಸ್ತಕದಿಂದ ಏನೋ ಹೇಳಿದ. ಆರ್ಲಿಸ್ ಒಬ್ಬನೇ ಸಾಸೇಜು ತಿನ್ನುತ್ತ ಕೂತಿದ್ದ. ಆ ಗಳಿಗೆಯಲ್ಲಿ ಅವನಿಗೆ ತಾನೂ ಒಬ್ಬ ವಿಚಾರವಂತ ಅನ್ನಿಸಿಕೊಳ್ಳುವ ಆಸೆ ಬಂತು. ಆ ವಾರ ಟೈರಿನ ಅಂಗಡಿಯಲ್ಲಿ ಕಾಯುತ್ತ ಕೂತಿದ್ದಾಗ ಆಮೇಲಿನವರ ಒಂದು ಕರಪತ್ರ ಅವನ ಕೈಗೆ ಸಿಕ್ಕಿತ್ತು. ಅರ್ಧ ಓದುವಷ್ಟರಲ್ಲಿ ಟೈರು ಸಿದ್ಧವಾಗಿತ್ತು.

ಅವನು ಮುಳ್ಳುಚಮಚ ಕೆಳಗಿಟ್ಟ. ಕರವಸ್ತ್ರದಿಂದ ಬಾಯಿ ಒರೆಸಿಕೊಂಡ.

“ನಾನೂ ಸ್ವಲ್ಪ ಅಧ್ಯಯನ ಮಾಡಿದೀನಿ,” ಅಂದ. “ನನಗನ್ನಿಸೋ ಮಟ್ಟಿಗೆ, ಸಂಕಟ ಬಂದಾಗ ನಾವು ಇಲ್ಲೇ ಇರ್ತೀವಿ.”

ಹಲ್ಲಿಲ್ಲದ ಮುದುಕ ಕೂಡ ಅಗಿಯುವುದನ್ನು ನಿಲ್ಲಿಸಿದ. ಎಲ್ಲರೂ ಹೀಗೆ ತಿರುಗಿ ನೋಡಿದ್ದು ಆರ್ಲಿಸನ ಜೀವಮಾನದಲ್ಲೇ ಮೊದಲು. ಅವನಿಗೆ ಖುಷಿಯಾಯಿತು. ಖುಷಿಯಲ್ಲಿ ಇನ್ನೊಂದು ಮಾತು ಸೇರಿಸಿದ: “ಯಾರಾದ್ರೂ ಇರ್ಲೇಬೇಕಲ್ಲ.”

ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಅಂದರೆ ಇದು. ಮೊದಲ ಮಾತು ಬರೀ ಸಿದ್ಧಾಂತ, ಅದನ್ನು ಮಧ್ಯಾಹ್ನದ ಹೊತ್ತಿಗೆ ಜನ ಮರೆಯುತ್ತಿದ್ದರು. ಎರಡನೆಯದನ್ನು ಮಾತ್ರ ನಮ್ಮೂರು ಬಿಡಲಿಲ್ಲ. ಸಂಜೆಯೊಳಗೆ ಸುದ್ದಿ ಹೀಗಾಗಿತ್ತು: ಆರ್ಲಿಸ್ ಹೋಗುವುದಿಲ್ಲವಂತೆ, ಎಲ್ಲರ ಪರವಾಗಿ ಉಳಿದುಕೊಳ್ಳಲು ಒಪ್ಪಿದ್ದಾನಂತೆ. ಸಮಾರಾಧನೆಯಲ್ಲಿ ಪಾತ್ರೆ ತೊಳೆಯಲು ಒಬ್ಬ ಪುಣ್ಯಾತ್ಮ ಸಿಕ್ಕನಂತೆ ಎನ್ನುವ ಹಾಗೆ.

ಮೊದಲು ಬಂದವಳು ಲವಾಡಾ ಕ್ರಂಪ್. ವಿಧವೆ, ಗಟ್ಟಿಗಿತ್ತಿ, ಡೋರ್ಕಸ್ ಎಂಬ ಮೇಕೆಯ ಒಡತಿ. ಅವಳು ಬಂದದ್ದು ಆರ್ಲಿಸನ ಮನೆಗಲ್ಲ, ನನ್ನ ಮನೆಗೆ.

“ನನ್ನ ಬೀಗದ ಕೈ ಕೊಡು, ಹೋಬರ್ಟ್.”

“ಯಾಕೆ, ನಾನೇನು ಮಾಡ್ದೆ?”

“ತಪ್ಪು ತಿಳೀಬೇಡ ಮಾರಾಯ. ನಮ್ಮೋನೇ ಒಬ್ಬ ಉಳೀತಾನೆ ಅಂದ್ಮೇಲೆ ಹೊರಗಿನೋರಿಗೆ ಯಾಕೆ ತೊಂದ್ರೆ? ಅಲ್ದೆ ನೀನು ಬಿಯರ್ ಕುಡೀತೀಯ. ಡೋರ್ಕಸ್‌ಗೆ ಆ ವಾಸನೆ ಆಗಲ್ಲ.”

“ಏಳು ವರ್ಷ ನೋಡ್ಕೋತೀನಿ ಅಂತ ಮಾತು ಕೊಟ್ಟಿದ್ನಲ್ಲ, ಲವಾಡಾ!”

“ನಿನ್ನ ಮಾತು ನೆಚ್ಚಿಕೊಂಡು ನನ್ನ ಮೇಕೆ ಬಿಟ್ಟು ಮೇಲೆ ಹೋಗ್ಲಾ? ಕೊಡು ಇತ್ಲಾಗೆ.”

ಕೊಟ್ಟೆ. ಆ ವಾರದಲ್ಲಿ ನನ್ನ ಮೊಳೆ ಖಾಲಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ನರಕಕ್ಕೆ ಹೋಗುವವನು ಎಂದು ಇಷ್ಟು ವರ್ಷ ಹೆಸರು ಉಳಿಸಿಕೊಂಡು ಬಂದದ್ದು ಒಂದು ಸಾಸೇಜಿನ ಮುಂದೆ ನಿಲ್ಲಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಆರ್ಲಿಸನ ಮನೆಗೆ ಬಂದರು. ಬ್ರದರ್ ಡ್ವೇನ್ ಸ್ಟಬಲ್‌ಫೀಲ್ಡ್ ಎಂದು ಹೆಸರು, ಆಳು ಎತ್ತರ, ಕಂಕುಳಲ್ಲಿ ಸುತ್ತಿದ ದೊಡ್ಡ ನಕ್ಷೆ. ಕಾಲದ ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಬಣ್ಣದಲ್ಲಿ ಬರೆದಿದ್ದ ನಕ್ಷೆ ಅದು. ಅಡುಗೆಮನೆಯ ಮೇಜಿನ ಮೇಲೆ ಹರಡಿ, ಮೂಲೆ ಸುರುಳಿಯಾಗದಂತೆ ಒಂದು ಕಡೆ ಉಪ್ಪಿನ ಡಬ್ಬಿ, ಒಂದು ಕಡೆ ಕೆಚಪ್ಪು, ಒಂದು ಕಡೆ ಆರ್ಲಿಸನ ಮೊಣಕೈ ಇಟ್ಟರು. ನಾನು ಎರವಲು ತಂದಿದ್ದ ಏಣಿ ವಾಪಸ್ಸು ಮಾಡುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದೆ.

“ನೋಡಿ ಬ್ರದರ್ ಆರ್ಲಿಸ್, ಇದು ಸಭೆಯ, ಅಂದ್ರೆ ಚರ್ಚಿನ ಕಾಲ. ಇಲ್ಲಿ ಎತ್ತಿಕೊಳ್ಳೋದು. ಈ ಕೆಂಪು ಬಣ್ಣ ಮಹಾಸಂಕಟ. ನೀವೀಗ ಎಲ್ಲಿದೀರಿ?”

ಆರ್ಲಿಸ್ ನಕ್ಷೆಯನ್ನು ದಿಟ್ಟಿಸಿದ. “ಕೆಚಪ್ಪಿನ ಹತ್ರ.”

“ಪಾಸ್ಟರ್, ಇವನು ಅಧ್ಯಯನ ಗಿಧ್ಯಯನ ಏನೂ ಮಾಡಿಲ್ಲ,” ಅಂದಳು ವರ್ನೀಸ್ ಒಲೆಯ ಕಡೆಯಿಂದ. “ಮದ್ವೆ ಆದಾಗಿಂದ ಇವನು ಓದಿರೋದು ಮೀನು ಹಿಡಿಯೋ ಪುಸ್ತಕ ಒಂದೇ, ಅದೂ ಚಿತ್ರ ಇದೆ ಅಂತ.”

“ಹೌದು ಬ್ರದರ್, ನಾನು ಸುಮ್ನೆ ಬಾಯಿಗೆ ಬಂದಿದ್ದು ಅಂದೆ,” ಅಂದ ಆರ್ಲಿಸ್ ಆಸೆಯಿಂದ. “ನನಗೆ ಮುಂಚೆ ಆದ್ರೂ ಸರಿ, ಆಮೇಲೆ ಆದ್ರೂ ಸರಿ.”

ಬ್ರದರ್ ಡ್ವೇನ್ ಕಣ್ಣು ಮುಚ್ಚಿಕೊಂಡರು. ಮುಂಚಿನವರ ಪಾಸ್ಟರಿಗೆ ಆಮೇಲಿನವನೊಬ್ಬ ಎದುರಾದರೆ ತಡೆದುಕೊಳ್ಳಬಹುದು. ಯಾವುದಾದರೂ ಸರಿ ಅನ್ನುವವನನ್ನು ಎಲ್ಲಿ ಕೂರಿಸುವುದು? ನಕ್ಷೆಯಲ್ಲಿ ಅಂಥವನಿಗೆ ಬಣ್ಣವಿಲ್ಲ. ಅವರು ಒಂದು ಗಂಟೆ ವಿವರಿಸಿದರು. ನಡುವೆ ಆರ್ಲಿಸನ ಮೊಣಕೈ ಜಾರಿ ನಕ್ಷೆ ಸುರುಳಿ ಸುತ್ತಿಕೊಂಡು ಅವನ ಮೂಗಿಗೆ ಬಡಿದಾಗಲೇ ಅವನು ನಿದ್ದೆ ಮಾಡುತ್ತಿದ್ದದ್ದು ಗೊತ್ತಾಯಿತು. ಪಾಸ್ಟರ್ ಬೆವರು ಒರೆಸಿಕೊಂಡು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮೆಲ್ಲಗೆ ಕೇಳಿದರು.

“ನಿಮ್ಮ ಮನಸ್ಸು ಬದಲಾಗೋದಿಲ್ಲ ಅಂತಾದ್ರೆ... ನಮ್ಮ ಚರ್ಚಿನ ಹುಲ್ಲು. ಬೇಸಿಗೇಲಿ ವಾರಕ್ಕೊಂದ್ಸಲ ಕತ್ತರಿಸಬೇಕು. ಏಳು ವರ್ಷ ಬಿಟ್ರೆ ಕಾಡಾಗತ್ತೆ. ಆಚೆ ಚರ್ಚಿನೋರು ನಗ್ತಾರೆ.”

ಆಚೆ ಚರ್ಚಿನವರಿಗೆ ನಗಲು ಪುರುಸೊತ್ತಿರಲಿಲ್ಲ. ಅವರ ಹಿರಿಯ ಎಲ್ಡನ್ ಫ್ರೈ ಮಾರನೆಯ ದಿನವೇ ಪೀಚ್ ಹಣ್ಣಿನ ಪೈ ಹಿಡಿದುಕೊಂಡು ಜಗುಲಿ ಹತ್ತಿದ.

“ಬಾ ತಮ್ಮಾ, ಬಾ. ಸತ್ಯ ಕೊನೆಗೂ ನಿನ್ನ ಕಣ್ಣು ತೆರೆಸ್ತು. ನಮ್ಮ ನೆಲಮಾಳಿಗೇಲಿ ಏಳು ವರ್ಷಕ್ಕಾಗೋಷ್ಟು ಬೀನ್ಸ್ ಡಬ್ಬಿ ಜೋಡಿಸಿದೀವಿ. ನಿನಗೂ ಒಂದು ಮಂಚ ಹಾಕಿಸ್ತೀನಿ.”

“ಏಳು ವರ್ಷ ಬೀನ್ಸೇನಾ?”

“ಮತ್ತೇನು, ಸಂಕಟ ಅಂದ್ರೆ ಹಬ್ಬ ಅಂದ್ಕೊಂಡ್ಯಾ?”

“ಬಾಗಿಲು ಮುಚ್ಚಿರ್ತೀರಾ?”

“ಭದ್ರವಾಗಿ.”

ಆರ್ಲಿಸ್ ನೆಲಮಾಳಿಗೆ, ಮುಚ್ಚಿದ ಬಾಗಿಲು, ಬೀನ್ಸು ಮತ್ತು ಆಮೇಲಿನವರ ಇಡೀ ಸಭೆಯನ್ನು ಒಟ್ಟಿಗೆ ಕಲ್ಪಿಸಿಕೊಂಡ. ಪೈ ಇಟ್ಟುಕೊಂಡು ಎಲ್ಡನ್ನನ್ನು ಕಳಿಸಿಬಿಟ್ಟ. ಆದರೆ ಪೈ ಇಟ್ಟುಕೊಂಡದ್ದನ್ನು ಎದುರುಮನೆಯವರು ಕಂಡಿದ್ದರು. ಆಮೇಲಿನವರ ಪೈ ತಿಂದವನ ಮೇಲೆ ಇನ್ನು ಯಾರಿಗೂ ಸಂದೇಹ ಉಳಿಯಲಿಲ್ಲ. ಸಂಜೆ ಇನ್ನೂ ನಾಲ್ಕು ಮನೆಯವರು ಬೀಗದ ಕೈ ತಂದರು. ಒಬ್ಬರು ಗಿಳಿ ತೋರಿಸಿ ಹೋದರು, ಒಬ್ಬರು ಜೇನುಪೆಟ್ಟಿಗೆ. ವಿಮೆಯವನು ತನ್ನ ಅತ್ತೆಯ ವಿಳಾಸ ಕೊಟ್ಟು, “ಅವ್ರು ಯಾವ ಚರ್ಚಿಗೂ ಹೋಗಲ್ಲ, ಖಂಡಿತ ಇರ್ತಾರೆ. ಮಂಗಳವಾರ ಮಂಗಳವಾರ ಆಸ್ಪತ್ರೆಗೆ ಕರ್ಕೊಂಡು ಹೋಗು, ಎದುರು ಮಾತಾಡಬೇಡ,” ಅಂದ.

ಇಷ್ಟು ಮನೆಯ ಬೀಗದ ಕೈ ಒಬ್ಬನ ಹತ್ತಿರ ಸೇರಿದೆ ಎಂದು ಯಾರೋ ಪೊಲೀಸಿಗೆ ಮುಟ್ಟಿಸಿದರು. ಯಾರೆಂದು ಕೇಳಬೇಡಿ, ಹೊಟ್ಟೆ ಉರಿದವನು ಏನಾದರೂ ಮಾಡುತ್ತಾನೆ. ಡೆಪ್ಯುಟಿ ರಾಯ್ಸ್ ಟಿಬಿಟ್ಸ್ ಟೋಪಿ ಸರಿಮಾಡಿಕೊಳ್ಳುತ್ತ ಬಂದ. ಚಿಕ್ಕಂದಿನಲ್ಲಿ ಆರ್ಲಿಸನ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಕಿರುಚುತ್ತಿದ್ದವನೇ.

“ಇದೇನು ಅಂಕಲ್, ಬೀಗದ ಕೈ ರಾಶಿ? ಜನ ಊರಲ್ಲಿ ಇಲ್ದಾಗ ಮನೆಗಳಿಗೆ ನುಗ್ಗೋ ಯೋಚನೆ ಇದೆ ಅಂತ ದೂರು.”

“ನುಗ್ಗೋದಲ್ಲ ಕಣೋ, ಅವ್ರೇ ಹೋಗು ಅಂತಾರೆ.”

“ಅವ್ರು ಎಲ್ಲಿಗೆ ಹೋಗ್ತಾರೆ?”

ಆರ್ಲಿಸ್ ಬೆರಳು ಮೇಲಕ್ಕೆ ತೋರಿಸಿದ. ಡೆಪ್ಯುಟಿಯೂ ಮೇಲೆ ನೋಡಿದ. ಕಾನೂನಿನಲ್ಲಿ ಇದಕ್ಕೆ ಯಾವ ಕಲಂ ಇದೆಯೋ ಎಂದು ತುಸು ಹೊತ್ತು ಯೋಚಿಸಿದ. ಆಮೇಲೆ ತನ್ನ ಮೀಸೆ ಕೆರೆದುಕೊಂಡ.

“ನಾನೂ ಮುಂಚಿನೋನೇ ಅಂಕಲ್. ನನ್ನ ಹತ್ರ ಎರಡು ಬೇಟೆನಾಯಿ ಇವೆ. ಕಚ್ಚೋದು ಒಂದೇ.”

ಇದರ ನಡುವೆ ಬಂದದ್ದು ರೇಡಿಯೋ. ಲವಾಡಾ ತಪ್ಪದೆ ಕೇಳುವ ಪ್ರಸಂಗಿಯೊಬ್ಬ ಲೆಕ್ಕ ಹಾಕಿ ಹೇಳಿಬಿಟ್ಟ: ಬರುವ ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ. ‘ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು’ ಎಂದು ಬ್ರದರ್ ಡ್ವೇನ್ ವಾಕ್ಯ ತೆಗೆದು ತೋರಿಸಿದರು. ಆದರೂ ಅವತ್ತು ಚರ್ಚಿನ ಹುಲ್ಲಿನ ಮೇಲೆ ಎಲ್ಲರೂ ಸೇರಿ ನಿಂಬೆಪಾನಕ ಕುಡಿಯುವುದರಲ್ಲಿ ತಪ್ಪೇನಿಲ್ಲ ಅಂದರು. ಎತ್ತಿಕೊಂಡರೆ ಸ್ವರ್ಗ, ಇಲ್ಲದಿದ್ದರೆ ಪಾನಕ.

ಅವತ್ತಿನಿಂದ ವರ್ನೀಸ್ ಗಂಡನನ್ನು ಬೈಯುವುದನ್ನು ನಿಲ್ಲಿಸಿದಳು.

ಅದು ಎಷ್ಟು ಕೆಟ್ಟ ಲಕ್ಷಣವೆಂದು ಬೇಲಿಯ ಈಚೆ ಇದ್ದ ನನಗೇ ಗೊತ್ತಾಯಿತು. ಬೈಯುವ ಬದಲು ಕಲಿಸತೊಡಗಿದಳು. ಬಟ್ಟೆ ಒಗೆಯುವ ಯಂತ್ರದ ಮುಂದೆ ಅವನನ್ನು ನಿಲ್ಲಿಸಿ ಬಿಳಿ ಬೇರೆ, ಬಣ್ಣ ಬೇರೆ ಎಂದು ತಾಳ್ಮೆಯಿಂದ ಹೇಳಿಕೊಟ್ಟಳು. ಅವನ ಅಂಗಿಗಳೆಲ್ಲ ಇಸ್ತ್ರಿಯಾದವು, ಕಿತ್ತುಹೋದ ಗುಂಡಿಗಳೆಲ್ಲ ಸೇರಿದವು. ಫ್ರೀಜರಿನಲ್ಲಿ ಕೋಳಿ, ಜೋಳದ ರೊಟ್ಟಿ, ಆಲೂಗೆಡ್ಡೆ ಎಲ್ಲ ಒಬ್ಬನ ಪಾಲಿಗೆ ಕಟ್ಟಿ ತುಂಬಿಸಿದಳು. ಅದು ತುಂಬಿದಾಗ ನನ್ನ ಫ್ರೀಜರನ್ನೂ ಕೇಳಿದಳು.

“ಏಳು ವರ್ಷಕ್ಕೆ ಇದು ಎಲ್ಲಿ ಸಾಕಾಗತ್ತೆ, ವರ್ನೀಸ್?” ಅಂದೆ.

“ಗೊತ್ತು,” ಅಂದಳು. “ಆಮೇಲೆ ನೀನು ಅವನಿಗೆ ಮೊಟ್ಟೆ ಬೇಯಿಸೋದಾದ್ರೂ ಕಲಿಸು. ಉಪ್ಪು ಜಾಸ್ತಿ ಹಾಕೋತಾನೆ, ಬಿಡಬೇಡ.” ಅವಳ ಕಣ್ಣು ಕೆಂಪಾಗಿತ್ತು. ಈರುಳ್ಳಿ ಎಂದು ಅವಳೇ ಹೇಳಿದಳು, ನಾನು ಕೇಳಿರಲಿಲ್ಲ.

ಮಂಗಳವಾರ ಆರ್ಲಿಸ್ ಬೇಲಿಯ ಹತ್ತಿರ ಬಂದು ನಿಂತ. ಅವನ ಜೇಬುಗಳು ಬೀಗದ ಕೈಗಳಿಂದ ಜೋತುಬಿದ್ದಿದ್ದವು. ದಣಿವು ಎಂದರೆ ಏನೆಂದು ಅವತ್ತು ಅವನ ಮುಖ ನೋಡಿದವರಿಗೆ ತಿಳಿಯುತ್ತಿತ್ತು.

“ನನಗೆ ಲೋಕ ಮುಗಿಯೋ ಚಿಂತೆ ಇಲ್ಲ, ಹೋಬರ್ಟ್. ಆ ಗಿಳಿ, ಆ ಅತ್ತೆ, ಅದೂ ಹೋಗ್ಲಿ. ವರ್ನೀಸ್ ಹೊರಟು ನಿಂತಿದಾಳೆ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಎಣ್ಣೆ ಹಾಕೋದು ಹೇಗೆ ಅಂತ ಹೇಳಿದ್ಲು, ಬಿಲ್ಲು ಕಟ್ಟೋದು ಎಲ್ಲಿ ಅಂತ ಹೇಳಿದ್ಲು. ನಿನ್ನ ಬಿಟ್ಟು ಹೇಗೆ ಹೋಗ್ಲಿ ಅಂತ ಒಂದ್ಸಲ, ಒಂದೇ ಒಂದ್ಸಲ ಅನ್ನಬಾರದಾ?”

“ನೀನೇ ಹೋಗಬೇಡ ಅಂತ ಕೇಳು.”

“ದೇವರ ಹತ್ರ ಹೋಗಬೇಡ ಅಂತ ಹೆಂಡ್ತೀನ ಕೇಳೋಕಾಗತ್ತೇನೋ? ನಾನೂ ಬರ್ತೀನಿ ಅನ್ನಬೇಕು ಅಷ್ಟೇ. ನಾಳೆ ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ.”

ಅದನ್ನು ನೋಡಲೆಂದೇ ಬುಧವಾರ ನಾನೂ ಚರ್ಚಿಗೆ ಹೋದೆ. ನನ್ನನ್ನು ಕಂಡು ಇಬ್ಬರು ಹೆಂಗಸರು ‘ಹಲ್ಲೆಲೂಯ’ ಅಂದರು, ಮತ್ತೊಬ್ಬಳು ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಒಬ್ಬೊಬ್ಬರೇ ಎದ್ದು ತಮ್ಮ ನಂಬಿಕೆಯ ಸಾಕ್ಷಿ ಹೇಳುವ ಹೊತ್ತಿಗೆ ಆರ್ಲಿಸ್ ಎದ್ದು ನಿಂತ. ವರ್ನೀಸ್ ಮುಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು.

“ಬ್ರದರ್ ಡ್ವೇನ್, ನಾನು ಹೇಳಿದ್ದು ತಪ್ಪು. ಮುಂಚೆಯೇ ಎತ್ತಿಕೊಳ್ಳೋದು. ನಕ್ಷೇಲಿ ಇರೋ ಹಾಗೇನೇ. ನಾನೂ ಬರ್ತೀನಿ.”

ಆಮೆನ್ ಬರಬೇಕಾದ ಜಾಗ ಅದು. ಬರಲಿಲ್ಲ. ಬೆಂಚುಗಳು ಕಿರುಗುಟ್ಟಿದವು.

“ಬರ್ತೀಯಾ ಅಂದ್ರೆ?” ಎಂದು ಲವಾಡಾ ಹಿಂದಿನಿಂದ ಎದ್ದಳು. “ನಾಳೆ ಗುರುವಾರ! ಡೋರ್ಕಸ್ ಗತಿ ಏನು?”

“ಮಾತು ಅಂದ್ರೆ ಮಾತು, ಆರ್ಲಿಸ್,” ಅಂದ ವಿಮೆಯವನು. “ನಮ್ಮತ್ತೆಗೆ ನಿನ್ನ ಹೆಸರು ಹೇಳಿಬಿಟ್ಟಿದೀನಿ.”

“ಕೊನೇ ಗಳಿಗೇಲಿ ಹೀಗೆ ಕೈ ಕೊಟ್ರೆ ನಾಯಿಗಳನ್ನ ಎಲ್ಲಿ ಬಿಡ್ಲಿ ಅಂಕಲ್?” ಅಂದ ಡೆಪ್ಯುಟಿ.

“ನಾನು ರಕ್ಷಣೆ ಹೊಂದಿದೀನಿ ಅಂತ ಹೇಳ್ತಿದೀನಪ್ಪಾ,” ಅಂದ ಆರ್ಲಿಸ್ ದೀನನಾಗಿ.

“ಹೊಂದು, ಯಾರು ಬೇಡ ಅಂದ್ರು?” ಅಂದಳು ಲವಾಡಾ. “ಗುರುವಾರ ಕಳೀಲಿ, ಶುಕ್ರವಾರ ಹೊಂದು!”

ಎಲ್ಲರೂ ಪಾಸ್ಟರ ಕಡೆ ನೋಡಿದರು. ಬ್ರದರ್ ಡ್ವೇನ್ ಕಿಟಕಿಯಾಚೆ ಹುಲ್ಲನ್ನು ನೋಡಿದರು. ಮಳೆ ಬಿದ್ದು ಅದು ಆಗಲೇ ಮೊಣಕಾಲಿಗೆ ಬರುವಂತಿತ್ತು.

“ಆತುರ ಬೇಡ ಬ್ರದರ್ ಆರ್ಲಿಸ್,” ಅಂದರು ನಿಧಾನವಾಗಿ. “ಮನುಷ್ಯ ಒಂದು ಅಭಿಪ್ರಾಯಕ್ಕೆ ಬಂದ ಮೇಲೆ ಅದರಲ್ಲಿ ಸ್ವಲ್ಪ ದಿನ ನೆಲೆ ನಿಲ್ಲಬೇಕು. ಸಂದೇಹ ಕೂಡ ಒಂದೊಂದ್ಸಲ ದೇವರು ಕೊಡೋ ಸೇವೆ.”

ನಾಲ್ಕು ದಿಕ್ಕಿನಿಂದ ಆಮೆನ್ ಬಂತು. ಒಬ್ಬ ಬಡಪಾಯಿ ಸ್ವರ್ಗಕ್ಕೆ ಬರುತ್ತೇನೆ ಅಂದರೆ ಬರಬೇಡ ಎಂದು ಇಡೀ ಚರ್ಚು ಒಕ್ಕೊರಲಿನಿಂದ ಹೇಳಿದ್ದನ್ನು ನಾನು ಅವತ್ತೇ ಕಂಡದ್ದು. ನನ್ನಂಥ ನಾಸ್ತಿಕನಿಗೂ ಪಾಪ ಅನ್ನಿಸಿತು. ಆರ್ಲಿಸ್ ಕೂತುಕೊಂಡ, ಜೇಬಿನ ಬೀಗದ ಕೈಗಳು ಗಲಗಲ ಅಂದವು. ವರ್ನೀಸ್ ತಿರುಗಿ ನೋಡಲಿಲ್ಲ. ಕಿವಿಗಳು ಮಾತ್ರ ಕೆಂಡದಂತೆ ಕೆಂಪಗಾಗಿದ್ದವು.

ಗುರುವಾರ ಊಟವಾದೊಡನೆ ಜನ ಮಡಚುವ ಕುರ್ಚಿ ಹಿಡಿದುಕೊಂಡು ಚರ್ಚಿನ ಕಡೆ ನಡೆದರು. ದಾರಿಯಲ್ಲಿ ಎಲ್ಲರೂ ಆರ್ಲಿಸನ ಅಂಗಳಕ್ಕೆ ಬಂದು ತಮ್ಮ ತಮ್ಮ ಪ್ರಾಣಿಗಳನ್ನು ಬಿಟ್ಟು ಹೋದರು. ಲವಾಡಾ ಮೇಕೆಯ ಕೊರಳು ತಬ್ಬಿ ಅತ್ತಳು, ಆರ್ಲಿಸನಿಗೆ ಮಾತ್ರ “ಗುಲಾಬಿ ಗಿಡದ ಹತ್ರ ಬಿಡಬೇಡ” ಅಂದಳು. ಡೆಪ್ಯುಟಿ ಯಾವ ನಾಯಿ ಕಚ್ಚುವುದು ಎಂದು ತೋರಿಸಿದ. ಗಿಳಿ ಬಂತು. ವಿಮೆಯವನ ಅತ್ತೆಯೂ ಬಂದರು. ಅವರು ಯಾರನ್ನೂ ಕೇಳದೆ ಆರ್ಲಿಸನ ತೂಗುಕುರ್ಚಿಯಲ್ಲಿ ಕೂತು, “ಟೀವಿ ಎಲ್ಲಿದೆ?” ಅಂದರು.

ವರ್ನೀಸ್ ನೀಲಿ ಉಡುಪು ತೊಟ್ಟು, ಕೈಚೀಲ ಹಿಡಿದು ಮೆಟ್ಟಿಲಿಳಿದಳು. ಗಂಡನ ಮುಂದೆ ನಿಂತು ಅವನ ಕಾಲರು ಸರಿಮಾಡಿದಳು. ಏನೋ ಹೇಳಲು ಬಾಯಿ ತೆರೆದಳು.

“ಓವನ್ ಆರಿಸಿದೀನಿ,” ಅಂದಳು. ಹೋಗಿಬಿಟ್ಟಳು.

ಆರ್ಲಿಸ್ ಅವಳು ತಿರುವು ದಾಟುವವರೆಗೂ ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹಗ್ಗಗಳು. ನಾನು ಬೇಲಿ ದಾಟಿ ಹೋಗಿ ಕಚ್ಚದಿರುವ ನಾಯಿಯನ್ನು ಹಿಡಿದುಕೊಂಡೆ. ಮೇಕೆ ನೇರವಾಗಿ ಗುಲಾಬಿ ಗಿಡಕ್ಕೇ ಹೋಯಿತು.

ಚರ್ಚು ಅಲ್ಲಿಂದ ಕೂಗಳತೆ. ಹಾಡು ಕೇಳಿಸುತ್ತಿತ್ತು. ಮೂರು ಹೊಡೆಯಲು ಇನ್ನೇನು ಸ್ವಲ್ಪವೇ ಹೊತ್ತಿದೆ ಅನ್ನುವಾಗ ಹಾಡಿನ ನಡುವೆ ಯಾರದೋ ದನಿ ಏರಿತು, ಹಾಡು ನಿಂತಿತು, ಮತ್ತೆ ಶುರುವಾಯಿತು. ರಸ್ತೆಯ ತಿರುವಿನಲ್ಲಿ ನೀಲಿ ಉಡುಪು ಕಾಣಿಸಿತು. ವರ್ನೀಸ್ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಎತ್ತರ ಹಿಮ್ಮಡಿಯ ಚಪ್ಪಲಿ ಹಿಡಿದು, ಬರಿಗಾಲಲ್ಲಿ ಏದುಸಿರು ಬಿಡುತ್ತ ಓಡಿ ಬರುತ್ತಿದ್ದಳು. ಅವಳು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಏನಾದ್ರೂ ಮರ್ತೆಯಾ?” ಅಂದ ಆರ್ಲಿಸ್.

“ಏನು ಮರೆಯೋದು!” ಎಂದು ಹರಿಹಾಯ್ದಳು ಅವಳು. “ನನ್ನ ಗಂಡನಿಗೆ ಸ್ವರ್ಗದಲ್ಲಿ ಜಾಗ ಇಲ್ಲ, ಮೇಕೆ ಕಾಯ್ಲಿ ಅಂತ ಆ ಲವಾಡಾ ಪಾನಕ ಹೀರ್ತಾ ಅಂತಾಳೆ. ನೀನು ಕಾಯ್ಕೋ ಹೋಗು ನಿನ್ನ ಮೇಕೇನ ಅಂದೆ. ಪಾಸ್ಟರಿಗೂ ಅಂದೆ, ನಿಮ್ಮ ಹುಲ್ಲು ನೀವೇ ಮೇಯಿರಿ ಅಂತ. ಇಷ್ಟಕ್ಕೆಲ್ಲ ಕಾರಣ ನೀನು! ತಿನ್ನೋದು ಬಿಟ್ಟು ಬಾಯಿ ಬಿಟ್ಟೆ ನೋಡು, ಅವತ್ತೇ ಹೇಳಬೇಕಿತ್ತು ನಾನು. ಒಂದು ದಿನಾನಾದ್ರೂ ಬುದ್ಧಿ ಉಪಯೋಗಿಸಿದೀಯಾ? ಈ ಕಡೆ ತಿರುಗು!”

ವಾರದಲ್ಲಿ ಮೊದಲ ಸಲ ಬೈಸಿಕೊಂಡ ಆರ್ಲಿಸನ ಮುಖ ಅರಳಿತು. ಅವಳು ಚಪ್ಪಲಿ, ಚೀಲ ಎರಡನ್ನೂ ಹುಲ್ಲಿನ ಮೇಲೆಸೆದು, ಅವನ ಪ್ಯಾಂಟಿನ ಹೆಗಲಪಟ್ಟಿಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಏನು ಮಾಡ್ತಿದೀಯ?”

“ಎತ್ತಿದ್ರೆ ಇಬ್ಬರನ್ನೂ ಎತ್ತಲಿ.”

“ನಾನು ಭಾರ ಇದೀನಿ, ವರ್ನೀಸ್.”

“ಗೊತ್ತು. ಎತ್ತೋಕಾಗದಿದ್ರೆ ಬಿಟ್ಟು ಹೋಗಲಿ. ಬಾಯಿ ಮುಚ್ಚು.”

ಚರ್ಚಿನ ಗಂಟೆ ಮೂರು ಹೊಡೆಯಿತು. ಹಾಡು ನಿಂತಿತು. ಇಡೀ ಊರು ಕತ್ತು ಮೇಲೆತ್ತಿತು. ನಾನೂ ಆಕಾಶ ನೋಡಿದೆ, ಸುಳ್ಳೇಕೆ. ಒಂದು ಹದ್ದು ಸುತ್ತುತ್ತಿತ್ತು, ಅಷ್ಟೆ. ಗಿಳಿ ಒಂದು ಕೆಟ್ಟ ಮಾತಾಡಿತು. ಸ್ವಲ್ಪ ಹೊತ್ತಿನ ಮೇಲೆ ಚರ್ಚಿನ ಕಡೆಯಿಂದ ಕುರ್ಚಿ ಮಡಚುವ ಸದ್ದು ಒಂದೊಂದಾಗಿ ಕೇಳಿಬಂತು. ಮೊದಲು ಡೆಪ್ಯುಟಿ ತಲೆ ತಗ್ಗಿಸಿಕೊಂಡು ಬಂದು ನಾಯಿಗಳನ್ನು ಬಿಡಿಸಿಕೊಂಡ. ಅವನ ಹಿಂದೆ ಲವಾಡಾ. ಮೇಕೆಯ ಬಾಯಲ್ಲಿ ಗುಲಾಬಿಯ ಎಸಳಿದ್ದದ್ದು ಕಂಡರೂ ಅವಳು ಹಗ್ಗ ಹಿಡಿದು ಸರಸರ ನಡೆದಳು. ವಿಮೆಯವನು ಅತ್ತೆಯನ್ನು ಕರೆದರೆ, ಕಾರ್ಯಕ್ರಮ ಮುಗಿಯಲಿ ಎಂದು ಒಳಗಿನಿಂದ ಉತ್ತರ ಬಂತು.

ಅಂಗಳ ಖಾಲಿಯಾಯಿತು. ವರ್ನೀಸ್ ಮಾತ್ರ ಪಟ್ಟಿ ಬಿಟ್ಟಿರಲಿಲ್ಲ.

“ಆಯ್ತಲ್ಲೇ,” ಅಂದ ಆರ್ಲಿಸ್ ಮೆಲ್ಲಗೆ. “ಮೂರು ಹೊಡೆದು ಎಷ್ಟೋ ಹೊತ್ತಾಯ್ತು. ಹೆಗಲು ಕೊಯ್ತಿದೆ. ಬಿಡು.”

“ಆ ರೇಡಿಯೋದೋನು ಮಾತಾಡೋದು ನೆವಾಡಾದಿಂದ,” ಅಂದಳು ವರ್ನೀಸ್, ಹಿಡಿತ ಇನ್ನಷ್ಟು ಬಿಗಿ ಮಾಡುತ್ತ. “ಅಲ್ಲಿ ಮೂರಾಗಬೇಕಾದ್ರೆ ಇಲ್ಲಿ ಐದಾಗಬೇಕು. ಅಲ್ಲಾಡದೆ ನಿಂತ್ಕೋ.”

ಆರ್ಲಿಸ್ ಅಲ್ಲಾಡದೆ ನಿಂತುಕೊಂಡ.